ಗಲ್ಫ್ ಅಲ್ಲ, ಗಾಲ್ಫ್: ಹೆಂಗಸರ ವೃತ್ತಿಪರ ಗಾಲ್ಫ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದುಬೈಯಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆಯುವ ಕೆಲಸ ಮಾಡಿ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ತೋಟದ ಮನೆಗೆ ವಾಪಸಾದವಳು ನಾನು. ಅಲ್ಲಿದ್ದಾಗ ಎಮಿರೇಟ್ಸ್ ಗಾಲ್ಫ್ ಕ್ಲಬ್‌ನಲ್ಲಿ ಹೆಂಗಸರ ಟೂರ್ನಿ ನಡೆದಾಗಲೆಲ್ಲ ಸ್ವಯಂಸೇವಕಿಯಾಗಿ ಹೋಗುತ್ತಿದ್ದೆ. ದೊಡ್ಡ ಕೆಲಸವೇನಲ್ಲ. ಹಗ್ಗದ ಪಕ್ಕ ನಿಂತು, ಆಟಗಾರ್ತಿ ಹೊಡೆಯುವ ಹೊತ್ತಿಗೆ ‘ಸದ್ದು ಬೇಡ’ ಎಂಬ ಬೋರ್ಡು ಎತ್ತಿ ಹಿಡಿಯುವುದು. ಊರಿಗೆ ಬಂದ ಮೇಲೆ ಮಕ್ಕಳ ರಜಾ ಶಿಬಿರವೊಂದರಲ್ಲಿ ಇದರ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಅವತ್ತು ಶುರುವಾದ ಪ್ರಶ್ನೆಗಳು ಇನ್ನೂ ನಿಂತಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ಕೇಳುತ್ತಾರೆ. ಒಬ್ಬ ಅಜ್ಜ ಇನ್‌ಲ್ಯಾಂಡ್ ಪತ್ರವನ್ನೇ ಬರೆದರು. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿಟ್ಟಿದ್ದೇನೆ.

## ಬುಡದಿಂದ

ಇದು ಗಲ್ಫಾ, ಗಾಲ್ಫಾ? ಕೇಳುವಾಗ ಎರಡೂ ಒಂದೇ ಅಲ್ವಾ?

ಮನೆಗೊಬ್ಬರು ಗಲ್ಫಿಗೆ ಹೋದ ಊರು ನಮ್ಮದು. ಹಾಗಾಗಿ ‘ಹುಡುಗಿ ಗಾಲ್ಫ್‌ನಲ್ಲಿದ್ದಾಳೆ’ ಅಂದರೆ ‘ವೀಸಾ ಯಾರು ಕೊಟ್ಟದ್ದು?’ ಅಂತ ಕೇಳುವವರೇ ಜಾಸ್ತಿ. ಗಲ್ಫ್ ಅಂದರೆ ಕೊಲ್ಲಿ ದೇಶ. ಗಾಲ್ಫ್ ಅಂದರೆ ಕೋಲಿನಿಂದ ಚೆಂಡು ಹೊಡೆದು ಗುಂಡಿಗೆ ಹಾಕುವ ಆಟ. ನನ್ನ ಮಟ್ಟಿಗೆ ಎರಡೂ ಒಂದೇ ಕಡೆ ಸಿಕ್ಕಿದವು, ಅಷ್ಟೇ.

ಒಂದು ಚೆಂಡನ್ನು ಗುಂಡಿಗೆ ಹಾಕುವುದರಲ್ಲಿ ಎಂತ ಕಷ್ಟ ಉಂಟು ಮಾರಾಯ್ರೆ?

ಗುಂಡಿಯ ಅಗಲ 108 ಮಿಲಿಮೀಟರ್. ಒಂದು ಗೆರಟೆಯ ಬಾಯಿ ಅಂದುಕೊಳ್ಳಿ. ಚೆಂಡು ಒಂದು ದುಂಡನೆಯ ಹಣ್ಣಡಿಕೆಯಷ್ಟು, ತೂಕ 46 ಗ್ರಾಮಿನೊಳಗೆ. ಹೊಡೆಯಲು ನಿಲ್ಲುವ ಜಾಗದಿಂದ ಗುಂಡಿ ಕೆಲವು ಕಡೆ ನೂರೈವತ್ತು ಗಜ ದೂರ, ಕೆಲವು ಕಡೆ ಐನೂರು ಗಜ. ನಡುವೆ ಮರ, ನೀರು, ಮರಳು, ಮೊಣಕಾಲೆತ್ತರದ ಹುಲ್ಲು. ಐನೂರು ಗಜ ದೂರದ ಗೆರಟೆಗೆ ಐದು ಹೊಡೆತದಲ್ಲಿ ಅಡಿಕೆ ಬೀಳಬೇಕು. ಇಂಥ 18 ಗುಂಡಿ ಮುಗಿದರೆ ಒಂದು ಸುತ್ತು. ನಾಲ್ಕೂವರೆ, ಐದು ಗಂಟೆಯ ನಡಿಗೆ.

ಎಲ್ಲ ಗುಂಡಿ ಸೇರಿ ಒಳ್ಳೆಯ ಆಟಗಾರ್ತಿಗೆ ಇಷ್ಟು ಹೊಡೆತ ಸಾಕು ಎಂದು ಮೊದಲೇ ಗೊತ್ತು ಮಾಡಿರುತ್ತಾರೆ. ಅದಕ್ಕೆ ಪಾರ್ ಎಂದು ಹೆಸರು, ಹೆಚ್ಚಾಗಿ 72. ಕಡಿಮೆ ಹೊಡೆದವರು ಗೆದ್ದ ಹಾಗೆ. ಕ್ರಿಕೆಟ್ ನೋಡಿ ಬೆಳೆದವರಿಗೆ ಇಲ್ಲೇ ತಲೆ ತಿರುಗುವುದು. ಎಪ್ಪತ್ತು ಮಾಡಿದವಳು ಎಂಬತ್ತು ಮಾಡಿದವಳಿಗಿಂತ ಮುಂದೆ!

ಬರ್ಡಿ, ಬೋಗಿ, ಈಗಲ್ ಅಂತಾರಲ್ಲ, ಎಂತ ಅದು?

ಒಂದು ಗುಂಡಿಯಲ್ಲಿ ಪಾರ್‌ಗಿಂತ ಒಂದು ಹೊಡೆತ ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್, ಒಂದು ಹೆಚ್ಚಾದರೆ ಬೋಗಿ. ಪೇಪರಿನಲ್ಲಿ ‘15 ಅಂಡರ್’ ಅಂತ ಕಂಡರೆ ನಾಲ್ಕು ದಿನದ ಒಟ್ಟು ಪಾರ್‌ಗಿಂತ 15 ಹೊಡೆತ ಉಳಿಸಿದಳು ಎಂದರ್ಥ. ಇಷ್ಟು ಗೊತ್ತಿದ್ದರೆ ಟಿವಿ ನೋಡಬಹುದು.

ಹೆಂಗಸರಿಗೆ ಚೆಂಡು ಸಣ್ಣದಾ? ಗುಂಡಿ ದೊಡ್ಡದಾ?

ಅದೇ ಚೆಂಡು, ಅದೇ ಗುಂಡಿ, ಅದೇ ನಿಯಮ, ಚೀಲದಲ್ಲಿ ಅದೇ ಹೆಚ್ಚೆಂದರೆ 14 ಕ್ಲಬ್, ಅಂದರೆ ಹೊಡೆಯುವ ಕೋಲು. ಮೊದಲ ಹೊಡೆತದ ಜಾಗ ಮಾತ್ರ ಸ್ವಲ್ಪ ಮುಂದೆ. ಗುಂಡಿ ಹತ್ತಿರವಾದ ಮೇಲೆ ಗಂಡು ಹೆಣ್ಣು ಎಂಬ ವ್ಯತ್ಯಾಸ ಪೂರ್ತಿ ಹೋಗುತ್ತದೆ.

ಹೆಂಗಸರು ಇದನ್ನು ಆಡಲು ಶುರು ಮಾಡಿದ್ದು ಈಚೆಗಲ್ವಾ?

ಇಲ್ಲ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೇ ಹೆಂಗಸರ ಗಾಲ್ಫ್ ಇತ್ತು. ಗೆದ್ದವಳು ಅಮೆರಿಕದ ಮಾರ್ಗರೆಟ್ ಅಬಾಟ್. ಹುಟ್ಟಿದ್ದು ನಮ್ಮ ಕಲ್ಕತ್ತದಲ್ಲಿ, 1878ರಲ್ಲಿ. ಆಗ ಆಡಿದ್ದು ಬರೀ ಒಂಬತ್ತು ಗುಂಡಿ, ಅವಳ ಲೆಕ್ಕ 47 ಹೊಡೆತ. ಅವಳ ತಾಯಿಯೂ ಅದೇ ಸ್ಪರ್ಧೆಯಲ್ಲಿ ಆಡಿದ್ದಳು. ತಮಾಷೆಯೋ ಬೇಸರವೋ ಗೊತ್ತಿಲ್ಲ, ತಾನು ಗೆದ್ದದ್ದು ಒಲಿಂಪಿಕ್ಸ್ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗದೆಯೇ 1955ರಲ್ಲಿ ತೀರಿಕೊಂಡಳು.

ಹೊಟ್ಟೆಪಾಡಿಗೆ ಆಡುವುದು ಶುರುವಾದದ್ದು ಆಮೇಲೆ. ಅಮೆರಿಕದಲ್ಲಿ 13 ಮಂದಿ ಹೆಂಗಸರು ಸೇರಿ 1950ರಲ್ಲಿ ಎಲ್‌ಪಿಜಿಎ, ಅಂದರೆ ಹೆಂಗಸರ ವೃತ್ತಿಪರ ಗಾಲ್ಫ್ ಸಂಘ ಕಟ್ಟಿದರು. ಯುರೋಪಿನ ಎಲ್‌ಇಟಿ, ಅಂದರೆ ಲೇಡೀಸ್ ಯುರೋಪಿಯನ್ ಟೂರ್, ಹುಟ್ಟಿದ್ದು 1978ರಲ್ಲಿ. ಟೂರ್ ಅಂದರೆ ವರ್ಷವಿಡೀ ಊರೂರಲ್ಲಿ ನಡೆಯುವ ಟೂರ್ನಿಗಳ ಸಾಲು. ಇವತ್ತಿಗೂ ಭಾರತದ ಹುಡುಗಿಯರು ಎದುರು ನೋಡುವುದು ಈ ಎರಡು ಬಾಗಿಲುಗಳನ್ನೇ.

## ಅದಿತಿ ಮತ್ತು ಉಳಿದವರು

ಅದಿತಿ ಅಶೋಕ್ ನಮ್ಮ ಕಡೆಯವಳಾ? ಹೇಗೆ ಶುರು ಮಾಡಿದ್ದು?

ಬೆಂಗಳೂರಿನವರು. ಹುಟ್ಟಿದ್ದು 1998ರ ಮಾರ್ಚ್ 29. ಮನೆಯಲ್ಲಿ ಯಾರೂ ಗಾಲ್ಫ್ ಆಡುವವರಲ್ಲ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನ ಕಾಣುವ ಹೋಟೆಲಿಗೆ ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋಗುತ್ತಿದ್ದ ಐದು ವರ್ಷದ ಹುಡುಗಿ, ಆಚೆ ಚೆಂಡು ಹೊಡೆಯುವವರನ್ನು ನೋಡಿ ನಾನೂ ಹೊಡೆಯುತ್ತೇನೆ ಅಂದಳು. ಮಗಳ ಜೊತೆ ಅಪ್ಪನೂ ಅಮ್ಮನೂ ಕೋಲು ಹಿಡಿದರು. ದೋಸೆ ತಿನ್ನಲು ಹೋದವರ ಬದುಕೇ ತಿರುಗಿತು ನೋಡಿ.

ಆಮೇಲಿನದು ಬಹಳ ಬೇಗ ಆಯಿತು. 2013ರಲ್ಲಿ ಏಷ್ಯನ್ ಯೂತ್ ಗೇಮ್ಸ್. 2014ರಲ್ಲಿ ಯೂತ್ ಒಲಿಂಪಿಕ್ಸ್ ಮತ್ತು ಏಷ್ಯನ್ ಗೇಮ್ಸ್. 2015ರ ಡಿಸೆಂಬರಿನಲ್ಲಿ ಮೊರಾಕ್ಕೋದಲ್ಲಿ ನಡೆದ ಎಲ್‌ಇಟಿ ಅರ್ಹತಾ ಟೂರ್ನಿಯಲ್ಲಿ ಮೊದಲ ಸ್ಥಾನ. ಅಲ್ಲಿ ಹಾಗೆ ಗೆದ್ದ ಮೊದಲ ಭಾರತೀಯಳು. 2016ರ ಜನವರಿ 1ಕ್ಕೆ ವೃತ್ತಿಪರ ಆಟಗಾರ್ತಿ. ಆಗ ವಯಸ್ಸು 17.

ಅದೇ ವರ್ಷ ರಿಯೋ ಒಲಿಂಪಿಕ್ಸ್. ಚೀಲ ಹೊತ್ತವರು ಅಪ್ಪ. ಮೊದಲೆರಡು ದಿನ 68, 68 ಹೊಡೆದು ಮೊದಲ ಹತ್ತರೊಳಗಿದ್ದರು. ಉಳಿದೆರಡು ದಿನ 79, 76. ಕೊನೆಗೆ 41ನೇ ಸ್ಥಾನ. ನವೆಂಬರಿನಲ್ಲಿ ಗುರುಗ್ರಾಮದಲ್ಲಿ ಮಹಿಳಾ ಇಂಡಿಯನ್ ಓಪನ್. ಕೊನೆಯ ಗುಂಡಿಯಲ್ಲಿ ಬರ್ಡಿ ಮಾಡಿ ಒಂದೇ ಹೊಡೆತದಿಂದ ಗೆದ್ದರು. ಎಲ್‌ಇಟಿ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ. ಅದೇ ತಿಂಗಳು ಕತಾರಿನಲ್ಲೂ ಗೆದ್ದರು. 2017ರಲ್ಲಿ ಅಬುಧಾಬಿ, 2023ರಲ್ಲಿ ಕೀನ್ಯಾ ಮತ್ತು ಸ್ಪೇನ್. ಕೀನ್ಯಾದಲ್ಲಿ ಅಂತರ ಒಂಬತ್ತು ಹೊಡೆತ! ಎಲ್‌ಪಿಜಿಎಯಲ್ಲಿ 2023ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪ್ಲೇಆಫ್‌ವರೆಗೆ, ಅಂದರೆ ಲೆಕ್ಕ ಸಮವಾದಾಗ ಗೆದ್ದವರನ್ನು ಆರಿಸಲು ಮತ್ತೆ ಆಡುವ ಆಟದವರೆಗೆ, ಹೋಗಿ ಹನ್ನಾ ಗ್ರೀನ್‌ಗೆ ಸೋತರು.

ಟೋಕಿಯೋದಲ್ಲಿ ನಾಲ್ಕನೇ ಸ್ಥಾನ ಬಂದದ್ದಕ್ಕೆ ಇಷ್ಟು ಗದ್ದಲ ಯಾಕೆ? ಪದಕ ಬರಲಿಲ್ಲ ಅಲ್ವಾ?

ಈ ಪ್ರಶ್ನೆ ಕೇಳಿದವರ ಮೇಲೆ ನನಗೆ ಸ್ವಲ್ಪ ಕೋಪ ಬರುತ್ತದೆ, ಹೇಳಿಯೇ ಬಿಡುತ್ತೇನೆ.

2021ರ ಆಗಸ್ಟ್, ಟೋಕಿಯೋ ಒಲಿಂಪಿಕ್ಸ್. ಅದಿತಿಯವರ ವಿಶ್ವ ರ‍್ಯಾಂಕ್ ಆಗ 200. ಆ ವರ್ಷ ಕೊರೋನಾ ಬಂದು ಮಲಗಿ ಎದ್ದಿದ್ದರು. ಮೈಯಲ್ಲಿ ಶಕ್ತಿ ಇಳಿದು, ಮೊದಲ ಹೊಡೆತ ಹಿಂದಿನಷ್ಟು ದೂರ ಹೋಗುತ್ತಿರಲಿಲ್ಲ. ಅಮ್ಮ ಚೀಲ ಹೊತ್ತಿದ್ದರು. ಜೊತೆಗೆ ಆಡಿದ ನೆಲ್ಲಿ ಕೋರ್ಡಾ ಆಗ ವಿಶ್ವದ ನಂಬರ್ ಒನ್. ಕೋರ್ಡಾ ಹೊಡೆದ ಚೆಂಡು ಎಷ್ಟೋ ಗಜ ಮುಂದೆ ಬಿದ್ದಿರುತ್ತಿತ್ತು. ಅದಿತಿ ಪ್ರತಿ ಸಲ ಹಿಂದಿನಿಂದ, ಉದ್ದದ ಕ್ಲಬ್ ಹಿಡಿದು ಹೊಡೆಯಬೇಕು. ಆದರೆ ಗುಂಡಿಯ ಹತ್ತಿರ ಬಂದ ಮೇಲೆ ಆಟವೇ ಬೇರೆ. ಆ ಚಿಕ್ಕ ತಳ್ಳುವ ಹೊಡೆತ, ಪಟ್ ಅನ್ನುತ್ತಾರಲ್ಲ, ಅದರಲ್ಲಿ ಅವರು ಬೇರೆಯವರು ಕಳಕೊಂಡದ್ದನ್ನೆಲ್ಲ ಗಳಿಸಿದರು. ನಾಲ್ಕು ದಿನದ ಲೆಕ್ಕ 67, 66, 68, 68. ಮೂರು ದಿನ ಮುಗಿದಾಗ ಎರಡನೇ ಸ್ಥಾನ. ಕೊನೆಯ ದಿನ ಮಳೆ ಗುಡುಗು ಬಂದು ಆಟ ನಿಂತಿತು. ಮತ್ತೆ ಶುರುವಾಗಿ ಮುಗಿದಾಗ ಕೋರ್ಡಾ 17 ಅಂಡರ್, ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ 16 ಅಂಡರ್, ಅದಿತಿ 15 ಅಂಡರ್. ನಾಲ್ಕು ದಿನ, 269 ಹೊಡೆತ, ಒಂದು ಹೊಡೆತ ಕಡಿಮೆ ಬಿತ್ತು, ಅಂದರೆ ಒಂದು ಹೊಡೆತ ಜಾಸ್ತಿಯಾಯಿತು.

ಅವತ್ತು ಶನಿವಾರ. ಗಾಲ್ಫ್ ಅಂದರೆ ಏನೆಂದು ಗೊತ್ತಿಲ್ಲದ ನನ್ನ ಅತ್ತೆ ಬೆಳಿಗ್ಗೆಯಿಂದ ಟಿವಿ ಮುಂದಿನಿಂದ ಎದ್ದಿರಲಿಲ್ಲ. ಕೊನೆಯ ಗುಂಡಿಯಲ್ಲಿ ದೂರದ ಪಟ್ ಒಳಗೆ ಹೋಗದೆ ನಿಂತಾಗ ‘ಅಯ್ಯೋ, ಇನ್ನೊಂದ್ಸಲ ಹೊಡೀಲಿಕ್ಕೆ ಬಿಡಬಾರದಾ?’ ಅಂತ ನನ್ನನ್ನೇ ಕೇಳಿದರು.

ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಕೈಗೆ ಬಂದು ಜಾರಿತಂತೆ, ಹೌದಾ?

ಹೌದು. 2023ರ ಹಾಂಗ್‌ಝೌ. ಕೊನೆಯ ದಿನಕ್ಕೆ ಕಾಲಿಡುವಾಗ ಅದಿತಿ ಏಳು ಹೊಡೆತ ಮುಂದಿದ್ದರು. ಅವತ್ತು 77 ಹೊಡೆದರು. ಥಾಯ್ಲೆಂಡಿನ ಅರ್ಪಿಚಾಯಾ ಯುಬೋಲ್ ಎರಡು ಹೊಡೆತದಿಂದ ಮುಂದೆ ಹೋದರು. ಆದರೂ ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಪದಕ ತಂದ ಮೊದಲ ಭಾರತೀಯ ಮಹಿಳೆ ಅವರೇ. ಬೆಳ್ಳಿ.

ಏಳು ಹೊಡೆತದ ಮುನ್ನಡೆ ಹೇಗೆ ಹೋಗುತ್ತದೆ ಅಂತ ಕೇಳುತ್ತಾರೆ. ಈ ಆಟದಲ್ಲಿ ಎದುರಾಳಿಯನ್ನು ತಡೆಯಲು ನಿಮಗೆ ದಾರಿಯೇ ಇಲ್ಲ. ಕಬಡ್ಡಿಯಲ್ಲಾದರೆ ಕಾಲು ಹಿಡಿಯಬಹುದು. ಇಲ್ಲಿ ಅವಳು ಚೆನ್ನಾಗಿ ಆಡುವುದನ್ನು ನೋಡುತ್ತಾ ನಿಮ್ಮ ಚೆಂಡಿನ ಹಿಂದೆ ನೀವು ನಡೆಯಬೇಕು.

ಅದಿತಿಯನ್ನು ಬಿಟ್ಟರೆ ಬೇರೆ ಯಾರೂ ಇಲ್ವಾ?

ಇದ್ದಾರೆ, ಅದೂ ನಮ್ಮ ಭಾಷೆಯವರ ನೆಲದಿಂದಲೇ. ಹಾಂಗ್‌ಝೌಗೆ ಹೋದ ಭಾರತದ ಮಹಿಳಾ ತಂಡದಲ್ಲಿ ಮೂವರು: ಅದಿತಿ, ಮೈಸೂರಿನ ಪ್ರಣವಿ ಅರಸ್, ಬೆಂಗಳೂರಿನ ಅವನಿ ಪ್ರಶಾಂತ್. ಮೂವರೂ ಕರ್ನಾಟಕದವರು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಇವರಿಗಿಂತ ಮೊದಲು ಬೆಂಗಳೂರಿನ ಶರ್ಮಿಳಾ ನಿಕೊಲೆ ಯುರೋಪಿನ ಟೂರ್‌ನಲ್ಲಿ ಆಡಿದ್ದರು. ಅದಕ್ಕೂ ಮೊದಲು ಕಲ್ಕತ್ತದ ಸ್ಮೃತಿ ಮೆಹ್ರಾ ಎಲ್‌ಪಿಜಿಎವರೆಗೆ ಹೋಗಿದ್ದರು.

ಹರಿಯಾಣದ ದೀಕ್ಷಾ ಡಾಗರ್ ಹೆಸರು ಬಿಡಲಾಗದು. ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಯಂತ್ರ ಹಾಕಿಕೊಳ್ಳುತ್ತಾರೆ. ಎಡಗೈ ಆಟ. 2019ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ, 2023ರಲ್ಲಿ ಚೆಕ್ ದೇಶದಲ್ಲಿ ಎಲ್‌ಇಟಿ ಪ್ರಶಸ್ತಿ ಗೆದ್ದರು. ಕಿವುಡರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಟೋಕಿಯೋ ಒಲಿಂಪಿಕ್ಸ್‌ನಲ್ಲೂ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಆಡಿದರು.

## ದುಡ್ಡಿನ ವಿಷಯ

ವೃತ್ತಿಪರ ಅಂದರೆ ಯಾರಾದರೂ ತಿಂಗಳ ಸಂಬಳ ಕೊಡ್ತಾರಾ?

ಒಂದು ಪೈಸೆಯೂ ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಕ್ರಿಕೆಟಿಗನಿಗೆ ಗುತ್ತಿಗೆ ಇರುತ್ತದೆ, ಫುಟ್ಬಾಲ್ ಆಟಗಾರನಿಗೆ ಕ್ಲಬ್ ಸಂಬಳ ಕೊಡುತ್ತದೆ. ಗಾಲ್ಫ್ ಆಟಗಾರ್ತಿ ತನ್ನ ಅಂಗಡಿಯ ಯಜಮಾನಿ. ವಿಮಾನ, ರೂಮು, ಊಟ, ಪ್ರವೇಶ ಶುಲ್ಕ, ಚೀಲ ಹೊರುವವರ ಕೂಲಿ, ಕೋಚ್, ಮೈಕೈ ನೋವಿಗೆ ಚಿಕಿತ್ಸೆ, ಎಲ್ಲ ಅವಳ ಕೈಯಿಂದ. ವಾರ ವಾರ ದೇಶ ಬದಲು. ಬರುವುದು ಬಹುಮಾನದ ಹಣ, ಮತ್ತೆ ಪ್ರಾಯೋಜಕರು ಕೊಟ್ಟರೆ ಅದು.

ಅಡಿಕೆ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಗೊಬ್ಬರ, ಮದ್ದು, ಮದ್ದು ಬಿಡುವವನ ಕೂಲಿ ಮೊದಲು ಹೋಗುತ್ತದೆ. ಬೆಳೆ ಆಮೇಲೆ. ಕೊಳೆರೋಗ ಬಂದು ಕಾಯಿ ಉದುರಿದರೆ ಬೋರ್ಡೋ ದ್ರಾವಣದ ದುಡ್ಡು ಯಾರೂ ವಾಪಸು ಕೊಡುವುದಿಲ್ಲ. ನನ್ನ ಅಪ್ಪ ಜೂನ್‌ನಲ್ಲಿ ಆಕಾಶ ನೋಡುವ ಮುಖವನ್ನೇ ನಾನು ದುಬೈಯಲ್ಲಿ ಕೆಲವು ಹುಡುಗಿಯರಲ್ಲಿ ಕಂಡದ್ದುಂಟು, ಶುಕ್ರವಾರ ಸಂಜೆ, ಸ್ಕೋರ್ ಬೋರ್ಡಿನ ಎದುರು.

ಕಟ್ ತಪ್ಪಿತು ಅಂತ ಬರೀತಾರಲ್ಲ, ಹಾಗೆಂದರೆ?

ಟೂರ್ನಿ ನಾಲ್ಕು ದಿನದ್ದಾದರೆ ಎರಡು ದಿನ ಎಲ್ಲರೂ ಆಡುತ್ತಾರೆ, ನೂರಕ್ಕೂ ಹೆಚ್ಚು ಮಂದಿ. ಆಮೇಲೆ ಒಂದು ಗೆರೆ ಎಳೆಯುತ್ತಾರೆ. ಸುಮಾರು 60–70 ಜನ ಒಳಗೆ, ಉಳಿದವರು ಮನೆಗೆ. ಗೆರೆಯ ಹೊರಗೆ ಬಿದ್ದವರಿಗೆ ಸಾಮಾನ್ಯವಾಗಿ ಬಹುಮಾನ ಸೊನ್ನೆ. ಈಚೆಗೆ ಕೆಲವು ದೊಡ್ಡ ಟೂರ್ನಿಗಳು ಅಂಥವರಿಗೂ ಒಂದಿಷ್ಟು ಕೈಖರ್ಚು ಕೊಡಲು ಶುರು ಮಾಡಿವೆ. ಒಂದು ಹೊಡೆತದಲ್ಲಿ ಕಟ್ ತಪ್ಪುವುದು ದಿನಾ ನಡೆಯುವ ಕತೆ.

ಗೆದ್ದರೆ ಕೋಟಿಗಟ್ಟಲೆಯಂತೆ?

ಮೇಲಿನವರಿಗೆ ಹೌದು. 2024ರ ಅಮೆರಿಕದ ಮಹಿಳಾ ಓಪನ್‌ನ ಒಟ್ಟು ಬಹುಮಾನ 1.2 ಕೋಟಿ ಡಾಲರ್. ಗೆದ್ದ ಯೂಕಾ ಸಾಸೋಗೆ 24 ಲಕ್ಷ ಡಾಲರ್. ಅದೇ ವರ್ಷ ಗಂಡಸರ ಅಮೆರಿಕನ್ ಓಪನ್‌ನ ಮೊತ್ತ 2.15 ಕೋಟಿ ಡಾಲರ್. ಲೆಕ್ಕ ನೀವೇ ಹಾಕಿ. ಇದು ಹೆಂಗಸರ ಗಾಲ್ಫ್‌ನ ತುತ್ತತುದಿ. ಎಲ್‌ಇಟಿಯ ಸಾಮಾನ್ಯ ಟೂರ್ನಿಯಲ್ಲಿ ಒಟ್ಟು ಮೊತ್ತವೇ ಎಷ್ಟೋ ಚಿಕ್ಕದು. ಅದರಲ್ಲಿ ಸುಮಾರು 15 ಶೇಕಡಾ ಗೆದ್ದವಳಿಗೆ, ಉಳಿದದ್ದು ಕೆಳಗೆ ಇಳಿಯುತ್ತಾ ಇಳಿಯುತ್ತಾ ತೆಳ್ಳಗಾಗುತ್ತದೆ. ಐವತ್ತನೇ ಸ್ಥಾನದವಳಿಗೆ ಕೆಲವು ವಾರ ವಿಮಾನದ ಟಿಕೆಟಿಗೂ ಸಾಲದು. ಒಲಿಂಪಿಕ್ಸ್‌ನಲ್ಲಿ ಬಹುಮಾನದ ಹಣವೇ ಇಲ್ಲ.

ಟೂರ್ ಕಾರ್ಡ್ ಅಂದರೆ ರೇಷನ್ ಕಾರ್ಡಿನ ಹಾಗೆಯಾ?

ನಗಬೇಡಿ, ಹೋಲಿಕೆ ಸರಿಯೇ ಉಂಟು. ಕಾರ್ಡ್ ಇದ್ದರೆ ಆ ವರ್ಷದ ಟೂರ್ನಿಗಳಿಗೆ ಪ್ರವೇಶದ ಹಕ್ಕು. ಅದರಲ್ಲೂ ಬಣ್ಣಗಳಿವೆ, ಅಂದರೆ ದರ್ಜೆಗಳು. ಪೂರ್ತಿ ಕಾರ್ಡ್ ಇದ್ದವಳಿಗೆ ಜಾಗ ಖಚಿತ. ಅರ್ಧ ಕಾರ್ಡಿನವಳು ಯಾರಾದರೂ ಬರದಿದ್ದರೆ ಆಡಬೇಕು. ಕಾರ್ಡ್ ಸಿಗುವುದು ಕ್ಯೂ ಸ್ಕೂಲ್ ಎಂಬ ಅರ್ಹತಾ ಟೂರ್ನಿಯಲ್ಲಿ. ಹೆಸರು ಶಾಲೆ, ಪಾಠವೇನೂ ಇಲ್ಲ, ಬರೀ ಪರೀಕ್ಷೆ. ವರ್ಷದ ಕೊನೆಗೆ ಪಟ್ಟಿಯಲ್ಲಿ ಕೆಳಗಿಳಿದರೆ ಕಾರ್ಡ್ ಹೋಯಿತು, ಮತ್ತೆ ಪರೀಕ್ಷೆ. ಅಮೆರಿಕದಲ್ಲಿ ಎರಡನೇ ಮೆಟ್ಟಿಲಿನ ಎಪ್ಸನ್ ಟೂರ್ ಎಂಬುದಿದೆ. ಭಾರತದೊಳಗೆ ವಿಮೆನ್ಸ್ ಗಾಲ್ಫ್ ಅಸೋಸಿಯೇಷನ್ ಆಫ್ ಇಂಡಿಯಾ ನಡೆಸುವ ಟೂರ್ ಇದೆ, ಹೆಚ್ಚಿನವರು ಕಾಲೂರುವುದು ಅಲ್ಲಿ.

ಚೀಲ ಹೊರುವವರಿಗೆ ಅಷ್ಟು ದುಡ್ಡು ಯಾಕೆ?

ಕ್ಯಾಡಿ ಬರೀ ಹೊರುವುದಿಲ್ಲ. ಎಷ್ಟು ಗಜ ಉಳಿದಿದೆ, ಗಾಳಿ ಎತ್ತ, ಯಾವ ಕ್ಲಬ್, ಹುಲ್ಲು ಯಾವ ಕಡೆ ವಾಲಿದೆ ಎಂದು ಹೇಳುವವರು ಅವರೇ. ಆಟದ ನಡುವೆ ಸಲಹೆ ಕೇಳಲು ನಿಯಮ ಬಿಡುವುದು ಕ್ಯಾಡಿಯನ್ನು ಮಾತ್ರ (ತಂಡದ ಸ್ಪರ್ಧೆಯಲ್ಲಾದರೆ ಜೊತೆಗಾರ್ತಿಯನ್ನೂ). ವಾರದ ಕೂಲಿ, ಜೊತೆಗೆ ಬಹುಮಾನದಲ್ಲಿ ಪಾಲು. ಗೆದ್ದರೆ ಹತ್ತು ಶೇಕಡಾ ಕೊಡುವುದು ರೂಢಿ. ಅಪ್ಪ ಅಮ್ಮ ಚೀಲ ಹೊರುವುದರಲ್ಲಿ ಪ್ರೀತಿಯೂ ಇದೆ, ಉಳಿತಾಯವೂ ಇದೆ. ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ.

ಟೂರ್ನಿ ಇಲ್ಲದ ದಿನ ಎಂತ ಮಾಡ್ತಾರೆ? ಸುಮ್ನೆ ಮನೆಯಲ್ಲಿರ್ತಾರಾ?

ಒಂದು ಸಲ ನಾನು ಬೋರ್ಡು ಹಿಡಿದು ನಿಂತಿದ್ದ ಜಾಗಕ್ಕೂ ಅಭ್ಯಾಸದ ಗ್ರೀನಿಗೂ (ಗುಂಡಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು) ಹತ್ತು ಹೆಜ್ಜೆ. ಟೂರ್ನಿಗೆ ಇನ್ನೂ ಎರಡು ದಿನ ಇತ್ತು. ಒಬ್ಬಳು ಹುಡುಗಿ ಗುಂಡಿಯ ಸುತ್ತ ನಾಲ್ಕು ಅಡಿ ದೂರದಲ್ಲಿ ಚೆಂಡುಗಳನ್ನು ವೃತ್ತವಾಗಿ ಇಟ್ಟುಕೊಂಡಿದ್ದಳು. ಒಂದೊಂದಾಗಿ ಒಳಗೆ ಹಾಕುವುದು. ಒಂದು ತಪ್ಪಿದರೆ ಮತ್ತೆ ಮೊದಲಿನಿಂದ. ನಾನು ಚಾ ಕುಡಿದು ಬಂದೆ, ಊಟ ಮಾಡಿ ಬಂದೆ, ಅವಳು ಅಲ್ಲೇ ಇದ್ದಳು. ನೀರು ಕುಡಿಯಲು ಬಂದಾಗ ಕೈಗವಸು ಕಳಚಿದಳು. ಎಡಗೈ ಮಣಿಗಂಟಿನಿಂದ ಕೆಳಗೆ ಬೆಳ್ಳಗೆ, ಬೇರೆ ಯಾರದೋ ಕೈಯ ಹಾಗೆ. ಬಲಗೈ ಬಿಸಿಲಿಗೆ ಸುಟ್ಟು ಕಂದು. ಬಲಗೈ ಆಟಗಾರ್ತಿಯರು ಗವಸು ಹಾಕುವುದು ಎಡಗೈಗೆ ಮಾತ್ರ, ಅದಕ್ಕೆ ಹಾಗೆ. ನಮ್ಮ ಕಡೆ ಅಡಿಕೆ ಸುಲಿಯುವ ಹೆಂಗಸರ ಬೆರಳು ನೋಡಿಯೇ ಕಸುಬು ಹೇಳಬಹುದಲ್ಲ, ಇವರದೂ ಹಾಗೇ.

ಉಳಿದ ಹೊತ್ತು ಜಿಮ್ಮು, ನಿದ್ದೆ, ಬಟ್ಟೆ ಒಗೆಯುವುದು, ಮುಂದಿನ ವೀಸಾಕ್ಕೆ ಅರ್ಜಿ ತುಂಬುವುದು. ಭಾರತದ ಪಾಸ್‌ಪೋರ್ಟ್ ಹಿಡಿದವಳಿಗೆ ವೀಸಾ ಒಂದು ಪ್ರತ್ಯೇಕ ಆಟ.

## ನಮ್ಮೂರಿನ ಮಟ್ಟಿಗೆ

ಕಾಸರಗೋಡಿನಲ್ಲಿ ಗಾಲ್ಫ್ ಮೈದಾನ ಯಾಕಿಲ್ಲ? ಪಾರೆ ಬೇಕಾದಷ್ಟು ಉಂಟಲ್ಲ?

ಪಾರೆ ಉಂಟು, ಮಣ್ಣಿಲ್ಲ. ಮುರಕಲ್ಲಿನ ಮೇಲೆ ನಾಲ್ಕು ಬೆರಳು ಮಣ್ಣೂ ನಿಲ್ಲುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಮಾರ್ಚಿಗೆ ಬಾವಿ ಬತ್ತುತ್ತದೆ. 18 ಗುಂಡಿಯ ಮೈದಾನಕ್ಕೆ ನೂರು ಎಕರೆಗೂ ಮೇಲೆ ಜಾಗ ಬೇಕು, ಬೇಸಗೆಯಿಡೀ ನೀರು ಬೇಕು. ನಿಜ ಹೇಳುವುದಾದರೆ ಪಾರೆಯ ಮೇಲೆ ಮಳೆಗಾಲದಲ್ಲಿ ಅರಳುವ ನೀಲಿ ಹೂವುಗಳನ್ನು ಕಿತ್ತು ಅಲ್ಲಿ ಹುಲ್ಲುಹಾಸು ಮಾಡುವುದು ನನಗಂತೂ ಬೇಡ.

ನೋಡಬೇಕೆಂದರೆ ಮಂಗಳೂರಿನ ಪಿಲಿಕುಳದಲ್ಲಿ ಉಂಟು. ಚೆರ್ಕಳ–ಜಾಲ್ಸೂರು ದಾರಿ ಹಿಡಿದು ಸುಳ್ಯದ ಮೇಲೆ ಹೋದರೆ ಮಡಿಕೇರಿಯಲ್ಲಿ ಉಂಟು. ಮೈಸೂರಿನಲ್ಲಿ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್. ಬೆಂಗಳೂರು ಗಾಲ್ಫ್ ಕ್ಲಬ್ ಅಂತೂ 1876ರದ್ದು.

ನಾವು ಕೇರಳದಿಂದ ಆಡುವುದಾ, ಕರ್ನಾಟಕದಿಂದ ಆಡುವುದಾ?

ಗಡಿಯಲ್ಲಿರುವವರಿಗೆ ಮಾತ್ರ ಹುಟ್ಟುವ ಪ್ರಶ್ನೆ! ಇಲ್ಲಿ ಶಾಲಾ ಕ್ರೀಡಾಕೂಟದ ಫಾರಂ ತುಂಬಿ ಸಾಕಾದ ಮೇಷ್ಟ್ರೊಬ್ಬರು ಕೇಳಿದ್ದು. ಗಾಲ್ಫ್ ಹೆಚ್ಚಾಗಿ ಒಬ್ಬೊಬ್ಬರೇ ಆಡುವ ಆಟ. ಜೂನಿಯರ್ ಮತ್ತು ಅಮೆಚೂರ್ ಮಟ್ಟದಲ್ಲಿ ಇಂಡಿಯನ್ ಗಾಲ್ಫ್ ಯೂನಿಯನ್‌ನ ಟೂರ್ನಿಗಳಿಗೆ ಹುಡುಗಿ ತನ್ನ ಹೆಸರಿನಲ್ಲೇ ಹೋಗುತ್ತಾಳೆ. ವೃತ್ತಿಪರಳಾದ ಮೇಲೆ ಹೆಸರಿನ ಪಕ್ಕ ದೇಶದ ಬಾವುಟ ಒಂದೇ. ನಮಗೆ ಎಲ್ಲ ಕಡೆ ಎರಡು ಅರ್ಜಿ ಬರೆದು ರೂಢಿ. ಇಲ್ಲಿ ಒಂದು ಸಾಕು.

ಮಗಳಿಗೆ ಹತ್ತು ವರ್ಷ. ಸೇರಿಸಬಹುದಾ? ಎಷ್ಟು ಖರ್ಚಾದೀತು?

ಹತ್ತು ವರ್ಷ ತಡವೇನಲ್ಲ. ತಡೆ ಇರುವುದು ದೂರದಲ್ಲಿ. ವಾರಕ್ಕೆ ನಾಲ್ಕು ದಿನವಾದರೂ ಚೆಂಡು ಹೊಡೆಯಬೇಕು, ಹತ್ತಿರದ ಮೈದಾನ ಐವತ್ತು ಕಿಲೋಮೀಟರ್. ಗಂಭೀರವಾಗಿ ಆಡಿದ ಮಕ್ಕಳ ಮನೆಯವರು ಮೈದಾನದ ಪಕ್ಕಕ್ಕೆ ಬಿಡಾರ ಬದಲಿಸಿದ್ದನ್ನು ನೋಡಿದ್ದೇನೆ. ಕ್ಲಬ್‌ಗಳ ಸದಸ್ಯತ್ವ ದುಬಾರಿ, ಕೆಲವು ಕಡೆ ದುಡ್ಡಿದ್ದರೂ ಸಿಗುವುದಿಲ್ಲ. ತಂಗಿಯ ಮಗಳನ್ನು ಕರೆದುಕೊಂಡು ನಾನೊಂದು ಕ್ಲಬ್‌ಗೆ ಹೋದಾಗ ಗೇಟಿನಲ್ಲೇ ‘ಯಾರ ಗೆಸ್ಟ್?’ ಎಂದು ಕೇಳಿ ವಾಪಸು ಕಳಿಸಿದರು. ಮೊದಲು ಫೋನ್ ಮಾಡಿ, ಮಕ್ಕಳ ತರಬೇತಿ ಶಿಬಿರ ಯಾವಾಗ ಎಂದು ಕೇಳಿಕೊಂಡು ಹೋಗಿ. ಶಿಬಿರಕ್ಕೆ ಸದಸ್ಯತ್ವ ಬೇಡದ ಕಡೆಗಳೂ ಇವೆ.

ಹೊಸ ಸೆಟ್ ಕೊಳ್ಳಬೇಡಿ. ಮಕ್ಕಳು ವರ್ಷಕ್ಕೆ ಬೆಳೆಯುತ್ತಾರೆ, ಕ್ಲಬ್ ಬೆಳೆಯುವುದಿಲ್ಲ. ಹಳೆಯ ಮೂರು ಕ್ಲಬ್ ಸಾಕು. ಪಟ್ಟಿಂಗ್ ಕಲಿಯಲು ಅಡಿಕೆ ಒಣಗಿಸುವ ಅಂಗಳ ಸಾಕು, ನವೆಂಬರಿನ ಮೊದಲು ಆಡಿ ಮುಗಿಸಬೇಕು ಅಷ್ಟೇ.

## ಒಳಹೊಕ್ಕವರಿಗೆ

ರ‍್ಯಾಂಕ್ 200 ಇದ್ದವಳು ಒಲಿಂಪಿಕ್ಸ್‌ಗೆ ಹೇಗೆ ಹೋದದ್ದು?

ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 60 ಜಾಗ. ಮೊದಲ 15 ರ‍್ಯಾಂಕಿನವರಿಗೆ ಜಾಗ ಉಂಟು, ಆದರೆ ಒಂದು ದೇಶಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಆಮೇಲೆ ರ‍್ಯಾಂಕ್ ನೋಡುತ್ತಾ ಇಳಿಯುತ್ತಾರೆ, ದೇಶಕ್ಕೆ ಎರಡರ ಮಿತಿ. ಕೊರಿಯಾ, ಅಮೆರಿಕ, ಜಪಾನಿನ ಎಷ್ಟೋ ಆಟಗಾರ್ತಿಯರು ಈ ಮಿತಿಯಿಂದ ಹೊರಗೆ ಉಳಿಯುತ್ತಾರೆ. ಹಾಗಾಗಿ ಪಟ್ಟಿ ತುಂಬಾ ಕೆಳಗಿನವರೆಗೆ ಹೋಗುತ್ತದೆ. ಟೋಕಿಯೋದಲ್ಲಿ ದೀಕ್ಷಾಗೆ ಜಾಗ ಸಿಕ್ಕಿದ್ದು ಬೇರೊಬ್ಬಳು ಹಿಂದೆ ಸರಿದಾಗ, ಕೊನೆಯ ಗಳಿಗೆಯಲ್ಲಿ.

ಕೊರಿಯಾದ ಹುಡುಗಿಯರೇ ಇಷ್ಟು ಯಾಕೆ? ಅವರ ಅನ್ನದಲ್ಲಿ ಎಂತ ಉಂಟು?

1998ರಲ್ಲಿ ಪಾಕ್ ಸೇ ರಿ ಎಂಬ ಇಪ್ಪತ್ತು ವರ್ಷದ ಹುಡುಗಿ ಅಮೆರಿಕದ ಮಹಿಳಾ ಓಪನ್ ಗೆದ್ದಳು. ಪ್ಲೇಆಫ್‌ನಲ್ಲಿ ಚೆಂಡು ನೀರಿನಂಚಿಗೆ ಬಿದ್ದಾಗ ಶೂ, ಸಾಕ್ಸ್ ಬಿಚ್ಚಿ ನೀರಿಗಿಳಿದು ಹೊಡೆದಳು. ಅವಳ ದೇಶ ಆಗ ದೊಡ್ಡ ಆರ್ಥಿಕ ಸಂಕಟದಲ್ಲಿತ್ತು. ಆ ದೃಶ್ಯ ನೋಡಿ ಕೋಲು ಹಿಡಿದ ಮಕ್ಕಳನ್ನು ಅಲ್ಲಿ ಸೇ ರಿಯ ಮಕ್ಕಳು ಅನ್ನುತ್ತಾರೆ. ರಿಯೋದಲ್ಲಿ ಚಿನ್ನ ಗೆದ್ದ ಪಾಕ್ ಇನ್‌ಬೀ ಅವರಲ್ಲೊಬ್ಬಳು. ಅಂದರೆ 1998ಕ್ಕೆ ಬಿತ್ತಿದ್ದು 2016ಕ್ಕೆ ಚಿನ್ನವಾಯಿತು. ಅದಿತಿಯನ್ನು ನೋಡಿದ ಮಕ್ಕಳ ಲೆಕ್ಕ ಹಾಕಲು ಇನ್ನೂ ಸಮಯ ಇದೆ.

ಮದುವೆ, ಮಕ್ಕಳು ಆದ ಮೇಲೆ ಮುಗೀತಾ? ಎಷ್ಟು ವಯಸ್ಸಿನವರೆಗೆ ಆಡಬಹುದು?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಅಜ್ಜಿಯಂದಿರು. ಸ್ಕಾಟ್ಲೆಂಡಿನ ಕ್ಯಾಟ್ರಿಯೋನಾ ಮ್ಯಾಥ್ಯೂ 2009ರಲ್ಲಿ ಮಹಿಳಾ ಬ್ರಿಟಿಷ್ ಓಪನ್ ಗೆದ್ದಾಗ ಹೆರಿಗೆಯಾಗಿ 11 ವಾರ. ಎಲ್‌ಪಿಜಿಎಯಲ್ಲಿ ಟೂರ್ನಿಯಿಂದ ಟೂರ್ನಿಗೆ ಹೋಗುವ ಶಿಶುಮಂದಿರವೇ ಇದೆ, ತೊಂಬತ್ತರ ದಶಕದಿಂದ. ವಯಸ್ಸಿನ ತಡೆ ಕಡಿಮೆ, ನಲವತ್ತರಲ್ಲೂ ಆಡುವವರಿದ್ದಾರೆ. ಆದರೆ ಸೂಟ್‌ಕೇಸಿನ ಬದುಕು ಸಾಕಾಗಿ ಬೇಗ ಬಿಟ್ಟವರೂ ಇದ್ದಾರೆ. ಮೆಕ್ಸಿಕೋದ ಲೊರೆನಾ ಒಚೋವಾ 2010ರಲ್ಲಿ ವಿಶ್ವದ ಮೊದಲ ಸ್ಥಾನದಲ್ಲಿದ್ದಾಗಲೇ, 28ನೇ ವಯಸ್ಸಿಗೆ ನಿಲ್ಲಿಸಿದರು. 72 ಎಲ್‌ಪಿಜಿಎ ಪ್ರಶಸ್ತಿ ಗೆದ್ದ ಸ್ವೀಡನ್ನಿನ ಆನಿಕಾ ಸೋರೆನ್‌ಸ್ಟಾಮ್ 2008ರಲ್ಲಿ, 38ಕ್ಕೆ. ಲಿಡಿಯಾ ಕೋ ಹದಿನೇಳಕ್ಕೇ ವಿಶ್ವದ ನಂಬರ್ ಒನ್ ಆದವಳು. ರಿಯೋದಲ್ಲಿ ಬೆಳ್ಳಿ, ಟೋಕಿಯೋದಲ್ಲಿ ಕಂಚು, ಪ್ಯಾರಿಸ್‌ನಲ್ಲಿ ಚಿನ್ನ. ಅದೇ ಪ್ಯಾರಿಸ್‌ನಲ್ಲಿ ಅದಿತಿ 29ನೆಯವರು. ಅದು ಅವರ ಮೂರನೇ ಒಲಿಂಪಿಕ್ಸ್, ವಯಸ್ಸು 26.

ನಿಮ್ಮ ತಂಗಿಯ ಮಗಳು ಈಗ ಆಡ್ತಾಳಾ?

ಇಲ್ಲ. ಒಂದು ಮಳೆಗಾಲವಿಡೀ ಚಾವಡಿಯಲ್ಲಿ ಗೆರಟೆಗೆ ಚೆಂಡು ತಳ್ಳಿದಳು. ನಾಲ್ಕು ಅಡಿಯಿಂದ ಸತತ ಹದಿನೇಳು ಹಾಕಿದ್ದು ಅವಳ ದಾಖಲೆ, ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದದ್ದು ಈಗಲೂ ಉಂಟು. ಈಗ ಶಾಲೆಯ ವಾಲಿಬಾಲ್ ತಂಡದಲ್ಲಿದ್ದಾಳೆ. ನಾನು ದುಬೈಯಿಂದ ತಂದ ಪಟ್ಟರ್‌ನಲ್ಲಿ ಅತ್ತೆ ಮಂಚದಡಿಗೆ ಉರುಳಿದ ಗೇರುಬೀಜ ಎಳೆಯುತ್ತಾರೆ. ನಾನು ನೋಡಿದ ಮಟ್ಟಿಗೆ ಅವರ ಗುರಿ ತಪ್ಪುವುದು ಕಡಿಮೆ.